ಜೀಪಿನ ಮೆಟ್ಟಿಲು

ಮಂಡಿ ಕೈಕೊಟ್ಟ ಮೇಲೆ ನನ್ನ ಹಳೇ ಜೀಪು ಹತ್ತುವುದೆಂದರೆ ಗುಡ್ಡ ಹತ್ತಿದಂತಾಗಿತ್ತು. ಹೋದ ವಾರ ಬ್ರೇಕಿನ ಮೇಲೆ ಕಾಲು ಸಮಯಕ್ಕೆ ಸರಿಯಾಗಿ ಬೀಳದೆ ನಮ್ಮದೇ ಗೇಟಿಗೆ ಗುದ್ದಿದೆ. ತಪ್ಪು ಗೇಟಿನದೇ ಎಂದು ಹೆಂಡತಿಯ ಹತ್ತಿರ ಜಗಳವನ್ನೂ ಆಡಿದೆ. ವೆಲ್ಡಿಂಗ್ ಶಾಪ್ ನಡೆಸುವ ಮಗಳು ಮಾತ್ರ ಜೀಪಿಗೆ ಮೆಟ್ಟಿಲು ಕೂರಿಸಲು ನಿಂತಳು.

ಇವತ್ತು ಕೀ ತಿರುಗಿಸುತ್ತ ಅಂಗಳಕ್ಕೆ ಬಂದು ನೋಡಿದರೆ ಪಿತ್ತ ನೆತ್ತಿಗೇರಿತು. ಕಬ್ಬಿಣದ ಮೆಟ್ಟಿಲು, ಹಿಡಿದುಕೊಳ್ಳುವ ಸರಳು ಎರಡೂ ಸ್ಟಿಯರಿಂಗ್ ಇಲ್ಲದ ಬದಿಗಿದ್ದವು.

"ತಲೆ ನೆಟ್ಟಗಿದೆಯೇನೇ ನಿಂಗೆ? ಡ್ರೈವರ್ ಹತ್ತೋದು ಈ ಕಡೆಯಿಂದ!" ಎಂದು ಬಾನೆಟ್ ಗುದ್ದಿ ಕೂಗಿದೆ.

ಹೆಂಡತಿ ಬಾಗಿಲಿಗೆ ಓಡಿಬಂದಳು. ಮಗಳು ಕೈಗವಸು ಬಿಚ್ಚಿ ನನ್ನೆದುರು ಅಂಗೈ ಚಾಚಿದಳು.

"ಗೊತ್ತಪ್ಪ. ಇನ್ಮೇಲೆ ಡ್ರೈವರ್ ಕಡೆಯಿಂದ ಹತ್ತೋದು ನಾನು. ಕೀ ಕೊಡು."