ಎದುರಿನಿಂದ ಕಾಣದ ಕುದುರೆಗಳು

ಗೇಟಿನ ಹತ್ತಿರ ಟೈಲರ್ ಮೂರನೆಯ ಸಲ ಚಪ್ಪಲಿ ಬಿಟ್ಟು, ಮೂರನೆಯ ಸಲ ಮೆಟ್ಟಿಕೊಂಡ. ಬಾಗಿಲು ತೆರೆದೇ ಇತ್ತು. ಒಳಗೆ ನಡುಮನೆಯಲ್ಲಿ ಸೇನಾಪತಿಯನ್ನು ಮಲಗಿಸಿದ್ದರು.

ನಿಜವಾದ ಸೇನಾಪತಿಯೇನಲ್ಲ, ಅಂಗಡಿಗಳಿಗೆ ಬೋರ್ಡು ಬರೆದು ಬದುಕಿದವನು. ನಲವತ್ತು ವರ್ಷ ತವರದ ಪುಟಾಣಿ ಸೈನಿಕರಿಗೆ ಬಣ್ಣ ಹಚ್ಚಿ ಹಚ್ಚಿ ಬೀದಿಯವರ ಬಾಯಲ್ಲಿ ಆ ಹೆಸರು ಸಂಪಾದಿಸಿದ್ದ. ಒಂದು ಇರುವೆಯನ್ನೂ ಹೊಸಕಿದವನಲ್ಲ.

"ದಾರಿಗಡ್ಡ ನಿಂತ್ರೆ ಹೇಗೆ? ಒಳಗೆ ಹೋಗಿ," ಎಂದು ಹಿಂದಿನಿಂದ ಬೇಕರಿಯವನು ಹೇಳಿದ.

ಟೈಲರ್ ಹೋಗಲಿಲ್ಲ. ಎಂಟು ತಿಂಗಳಿಂದ ಆ ಹೊಸ್ತಿಲು ತುಳಿದಿರಲಿಲ್ಲ. ತನ್ನನ್ನು ಬೈದುಕೊಂಡೇ ಸೇನಾಪತಿ ಕಣ್ಣು ಮುಚ್ಚಿದನೋ ಏನೋ ಎಂಬ ಭಯ ಅವನನ್ನು ಗೇಟಿನ ಹತ್ತಿರವೇ ಹಿಡಿದು ನಿಲ್ಲಿಸಿತ್ತು. ಹೆಣ ಎತ್ತುವಾಗ ಮಾತ್ರ ಯಾರೋ ಕರೆದರು, ಹೆಗಲು ಕೊಟ್ಟ. ಸೇನಾಪತಿ ಇಷ್ಟು ಹಗುರವಾಗಿದ್ದನೆಂದು ಅವನಿಗೆ ಗೊತ್ತೇ ಇರಲಿಲ್ಲ.

*

ಭಾನುವಾರ ಬಂದರೆ ಇಬ್ಬರಿಗೂ ಯುದ್ಧ. ಹಳೆಯ ಬಾಗಿಲೊಂದನ್ನು ಎರಡು ಸ್ಟೂಲುಗಳ ಮೇಲಿಟ್ಟು ಹಸಿರು ಬಟ್ಟೆ ಹಾಸುವರು. ಇನ್ನೂರು ವರ್ಷದ ಹಿಂದೆ ಯಾವ್ಯಾವುದೋ ರಾಜರು ಸೋತದ್ದನ್ನು ಇವರು ದಾಳ ಹಾಕಿ ಗೆಲ್ಲುವರು. ನೀಲಿ ಕೋಟಿನವರು ಸೇನಾಪತಿಯ ಕಡೆ, ಕೆಂಪು ಕೋಟಿನವರು ಟೈಲರ್ ಕಡೆ. ಸೈನಿಕರು ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರ, ಉಗುರಿನಷ್ಟು ದಪ್ಪ. ಚಪ್ಪಟೆ ತವರಕ್ಕೆ ಮೂಗು, ಮೀಸೆ, ಬಟ್ಟೆಯ ನೆರಿಗೆ ಎಲ್ಲವೂ ಬಣ್ಣದಿಂದಲೇ ಬರಬೇಕು. ಸೇನಾಪತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದದ್ದನ್ನು ಟೈಲರ್ ನೋಡಿ, ತೋಳಿನ ಪಟ್ಟಿ ಹಳದಿಯಲ್ಲ, ಕೆನೆಬಣ್ಣ ಎನ್ನುವನು. ಸೇನಾಪತಿ ಗೊಣಗುತ್ತಲೇ ಅಳಿಸಿ ಮತ್ತೆ ಬರೆಯುವನು. ಎತ್ತು ಏರಿಗೆ, ಕೋಣ ನೀರಿಗೆ. ಹಾಗೇ ನಲವತ್ತು ವರ್ಷ ಸಾಗಿತ್ತು.

ಚಪ್ಪಟೆ ಸೈನಿಕರದ್ದು ಒಂದು ತಾಪತ್ರಯ. ಪಕ್ಕದಿಂದ ನೋಡಿದರೆ ಇಡೀ ಕುದುರೆ, ಎದುರಿನಿಂದ ನೋಡಿದರೆ ಬರೀ ಒಂದು ಗೆರೆ. ನುಗ್ಗಿ ಬರುವ ದಂಡು ಯಾರ ಮೇಲೆ ನುಗ್ಗುತ್ತಿದೆಯೋ ಅವರಿಗೇ ಸರಿಯಾಗಿ ಕಾಣುವುದಿಲ್ಲ. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಸೇನಾಪತಿಯ ಹನ್ನೆರಡು ಕುದುರೆಗಳು ಕೆಂಪು ಕೋಟಿನವರನ್ನು ಗುಡಿಸಿ ಹಾಕಿದಾಗ, ಇವು ಇಲ್ಲಿರಲೇ ಇಲ್ಲ ಎಂದು ಟೈಲರ್ ಎದ್ದು ನಿಂತ.

"ನಾನು ಟೀ ಕುಡಿಯೋವಾಗ ನೀನು ತಂದಿಟ್ಟೆ. ನೀನು ಮೋಸಗಾರ ಕಣೋ."

ಸೇನಾಪತಿ ದಾಳವನ್ನು ಮೇಜಿನ ಮೇಲಿಟ್ಟು ಒಳಗೆ ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರು ತಿಂಗಳ ಮೇಲೆ ಟೈಲರ್ ಕಣ್ಣಿನ ಪೊರೆ ತೆಗೆದ ಡಾಕ್ಟರು, ಇಷ್ಟು ದಿನ ಸೂಜಿಗೆ ದಾರ ಹೇಗೆ ಪೋಣಿಸುತ್ತಿದ್ದಿರಿ ಎಂದು ಕೇಳಿದರು. ಕುದುರೆಗಳು ಮೊದಲಿಂದಲೂ ಅಲ್ಲೇ ಇದ್ದವು ಎಂದು ಆಗ ಟೈಲರಿಗೆ ಅರ್ಥವಾಯಿತು. ಹೋಗಿ ತಪ್ಪಾಯಿತು ಅನ್ನಬೇಕೆಂದು ಪ್ರತಿ ಭಾನುವಾರ ಇಸ್ತ್ರಿ ಅಂಗಿ ತೊಟ್ಟ. ಪ್ರತಿ ಭಾನುವಾರ ನಾಚಿಕೆಯಿಂದ ಬಿಚ್ಚಿಟ್ಟ.

*

ಮಣ್ಣು ಮಾಡಿ ಬಂದ ಮೇಲೆ ಜನ ಒಬ್ಬೊಬ್ಬರೇ ಚದುರಿದರು. ಟೈಲರ್ ಗೇಟಿನಲ್ಲೇ ನಿಂತಿದ್ದ. ಸೇನಾಪತಿಯ ಹೆಂಡತಿ ಹೊರಗೆ ಬಂದಳು.

"ಟೈಲರಣ್ಣ, ಒಳಗೆ ಬನ್ನಿ. ಸ್ಟೂಲ್ ಮೇಲಿನ ಆ ಯುದ್ಧದ ಬಾಗಿಲು ಎತ್ತಿಡಬೇಕು, ಮನೇಲಿ ನೆಂಟರಿಗೆ ಮಲಗೋಕೆ ಜಾಗ ಇಲ್ಲ. ಮುಟ್ಟಿದ್ರೆ ಬೈತಾರೇನೋ ಅಂತ ಇನ್ನೂ ಭಯ ನಂಗೆ."

ಅವನು ಅವಳ ಹಿಂದೆ ಹೋದ. ಹಿಂದಿನ ಕೋಣೆಯಲ್ಲಿ ಹಸಿರು ಬಟ್ಟೆ ಹಾಗೇ ಇತ್ತು. ಗುಡಿಸಿ ಹಾಕಿದ್ದ ಕೆಂಪು ಕೋಟಿನವರು ಮತ್ತೆ ಎದ್ದು ನಿಂತಿದ್ದರು. ದಾಳ ಟೈಲರ್ ಕೂರುತ್ತಿದ್ದ ಕುರ್ಚಿಯ ಮುಂದಿತ್ತು.

"ಅತ್ತಿಗೆ, ಅವನು ನನ್ನ ಬಗ್ಗೆ ಏನಾದ್ರೂ..." ಎಂದು ಕೇಳಿದ.

"ಅಯ್ಯೋ, ಬೈದ್ರು. ಮೊದಲನೇ ವಾರ ಚೆನ್ನಾಗೇ ಬೈದ್ರು. ಆಮೇಲೆ ಒಂದಿನ ನಿಮ್ಮ ಕುರ್ಚಿ ಮೇಲೆ ಕೂತು ನೋಡಿದ್ರು. 'ಲೇ, ಇಲ್ಲಿಂದ ನಂಗೂ ಕಾಣಲ್ಲ ಕಣೆ' ಅಂದ್ರು. ಕೈ ನಡುಗ್ತಿತ್ತು, ದಿನಕ್ಕೆ ಒಂದು ಕುದುರೆಗೂ ಬಣ್ಣ ಹಚ್ಚೋಕೆ ಆಗ್ತಿರಲಿಲ್ಲ. ಎಲ್ಲ ಮುಗೀಲಿ, ಆಮೇಲೆ ನಾನೇ ಕರೀತೀನಿ ಅಂತಿದ್ರು."

ಟೈಲರ್ ತನ್ನ ಕುರ್ಚಿಯಲ್ಲಿ ಕುಳಿತು ತಲೆ ತಗ್ಗಿಸಿದ. ಒಂದೊಂದು ಕುದುರೆಯ ಎದೆಯ ಅಂಚಿನಲ್ಲೂ, ಕಾಲಡಿಯ ಪೀಠದ ಮುಂಭಾಗದಲ್ಲೂ ಬಿಳಿ ಬಣ್ಣ ಹೊಳೆಯುತ್ತಿತ್ತು. ಕುರುಡನಿಗೂ ಕಾಣುವಂತಿತ್ತು. ಎಂಟು ತಿಂಗಳಿಂದ ಬಿಗಿ ಹಿಡಿದಿದ್ದ ಉಸಿರು ಒಮ್ಮೆಲೇ ಬಿಟ್ಟುಹೋಯಿತು. ಅಳುತ್ತಿದ್ದೇನೆಯೋ ನಗುತ್ತಿದ್ದೇನೆಯೋ ಅವನಿಗೇ ತಿಳಿಯಲಿಲ್ಲ. ಎದೆ ಮಾತ್ರ ಹಗುರವಾಗಿತ್ತು.

ಎಣಿಸಿದ. ಒಂಬತ್ತು.

"ಇನ್ನು ಮೂರಕ್ಕೆ ಹಚ್ಚಿಲ್ಲ," ಎಂದ. "ಬ್ರಷ್ ಎಲ್ಲಿದೆ ಅತ್ತಿಗೆ?"

ಅವಳು ತಂದುಕೊಟ್ಟು ದೀಪ ಹಾಕಿದಳು. ಅವನು ಹತ್ತನೆಯ ಕುದುರೆಯನ್ನು ಎತ್ತಿಕೊಂಡ. ಗೆರೆ ಸ್ವಲ್ಪ ಸೊಟ್ಟಗಾಯಿತು. ಊದಿ ಒಣಗಿಸಿ, ಸಾಲಿನಲ್ಲಿ ಅದರ ಜಾಗದಲ್ಲೇ, ತನ್ನ ಕಡೆಗೆ ಮುಖ ಮಾಡಿ ನಿಲ್ಲಿಸಿದ.