ಗಾಳವಿಲ್ಲದ ಕೋಲು

ಅಂದಾನಪ್ಪ ಕಾಶ್ಮೀರದಲ್ಲಿ ಸೈನ್ಯದ ಅಧಿಕಾರಿಯೊಬ್ಬರ ಜೀಪು ಓಡಿಸುತ್ತಿದ್ದವನು. ಉದ್ದನೆಯ ದಾರವನ್ನು ಗಾಳಿಯಲ್ಲಿ ಬೀಸಿ ಟ್ರೌಟ್ ಮೀನು ಹಿಡಿಯುವುದನ್ನು ಆ ಸಾಹೇಬರೇ ಕಲಿಸಿದ್ದರು. ೧೯೭೬ರಲ್ಲಿ ಪಿಂಚಣಿ ಪಡೆದು ಬಾಗಲಕೋಟೆಗೆ ಮರಳಿದಾಗ ಅವರು ಕೊಟ್ಟ ಕೋಲೂ ಜೊತೆಗೆ ಬಂತು. ಮನೆಯಲ್ಲಿ ಮೀನು ತಿನ್ನುವವರಿಲ್ಲ. ಹಾಗಾಗಿ ಅವನು ಗಾಳ ಬಿಚ್ಚಿ, ದಾರದ ತುದಿಗೆ ಉಣ್ಣೆಯ ಎಳೆ ಕಟ್ಟಿ, ದಿನಾ ಸಂಜೆ ಘಟಪ್ರಭೆಯ ದಂಡೆಯಲ್ಲಿ ಸುಮ್ಮನೆ ಬೀಸುತ್ತಿದ್ದ. ಬ್ಯಾಕ್ ಕಾಸ್ಟ್, ಲೂಪ್ ಎಂದರೆ ತಿಳಿಯುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಮನೆಯಲ್ಲೂ ಹೆಂಡತಿ ಶಿವಬಸವ್ವನೊಂದಿಗೆ ಊಟದ ಮಾತು ಬಿಟ್ಟರೆ ಬೇರೆ ಮಾತು ಹುಟ್ಟುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವನು ರಜೆಗೆ ಬಂದು ಹೋಗುವ ನೆಂಟನಂತಿದ್ದ.

ಒಂದು ಸಂಜೆ ಅವಳೇ ದಂಡೆಗೆ ಬಂದಳು. "ದಿನಾ ಇಲ್ಲಿ ಏನ್ ಮಾಡ್ತೀರಿ?"

ಅವನು ಕೋಲನ್ನು ಅವಳ ಕೈಗಿತ್ತ. "ಮೊದಲ ಹಿಂದಕ್ಕ ಬೀಸು. ಅದಕ್ಕ ಬ್ಯಾಕ್ ಕಾಸ್ಟ್ ಅಂತಾರ. ದಾರ ಗಾಳ್ಯಾಗ ಬಾಗಿ ಹೋಗ್ತೈತಲ್ಲ, ಅದು ಲೂಪ್."

ಅವಳು ಬೀಸಿದಳು. ದಾರ ಕಾಲ ಬಳಿಯೇ ಗುಪ್ಪೆಯಾಗಿ ಬಿತ್ತು.

"ಅವಸರ ಮಾಡಬ್ಯಾಡ. ಹಿಂದ ದಾರ ಪೂರಾ ಚಾಚೂತನಕ ಕಾಯಬೇಕು."

"ಕಾಯೂದು ನನಗ ಕಲಸಬ್ಯಾಡ್ರಿ," ಅಂದಳು ಶಿವಬಸವ್ವ. ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಮತ್ತೆ ಬೀಸಿದಳು, ತಡೆದಳು, ಮುಂದಕ್ಕೆ ಒಗೆದಳು. ದಾರ ನೀರಿನ ಮೇಲೆ ನೆಟ್ಟಗೆ ಇಳಿಯಿತು. ಹೊಳೆಯನ್ನೇ ನೋಡುತ್ತ ಅವನು ಕೇಳಿದ, "ಅಷ್ಟ್ ವರ್ಷ ಒಬ್ಬಾಕಿ ಹೆಂಗ್ ಕಳದಿ?"

"ಭಾಳ ತಡಾ ಕೇಳಿದ್ರಿ," ಅಂದಳು. ಆದರೂ ಬಂಡೆಯ ಮೇಲೆ ಕುಳಿತು, ಮೊದಲ ವರ್ಷದಿಂದ ಹೇಳತೊಡಗಿದಳು.