ಕೆಂಪಾದ ಸಾಲು

"ಎಲ್ಲಿ ಹಾಳಾಗಿ ಹೋಗಿದೀಯೇ ಮುಂಡೇದೇ? ನೆಲಮಾಳಿಗೆ ತೊಟ್ಟೀನ ನಿಮ್ಮಪ್ಪ ಬಂದು ತೊಳೀತಾನಾ?"

ಫೋನಿನಲ್ಲಿ ಮ್ಯಾನೇಜರ್ ಕಿರುಚುತ್ತಿದ್ದಾಗ ನಾನು ತಾರಸಿಯ ಅಂಚಿನಲ್ಲಿದ್ದೆ. ಕೈಯಲ್ಲಿ ಹಗ್ಗ, ಹಗ್ಗದ ಆ ತುದಿಯಲ್ಲಿ ನನ್ನ ತಮ್ಮ. ಹನ್ನೊಂದನೇ ಮಹಡಿಯ ಗಾಜು ಒರೆಸುತ್ತಿದ್ದ. ಹಗ್ಗವನ್ನು ಕಬ್ಬಿಣದ ಪೈಪಿಗೆ ಬಿಗಿದಿರುತ್ತೇವೆ, ನಿಜ. ಆದರೆ ಅದು ಗೋಡೆಯ ಅಂಚಿಗೆ ಉಜ್ಜಿ ಸವೆಯದಂತೆ ಒಬ್ಬರು ಮೇಲೆ ನಿಂತು ಕಾಯಲೇಬೇಕು. ಆ ಒಬ್ಬರು ನಾನು.

"ತಮ್ಮ ಕೆಳಗೆ ನೇತಾಡ್ತಾ ಇದಾನೆ ಸಾರ್. ಬಿಟ್ಟು ಹೆಂಗೆ ಬರ್ಲಿ?"

"ಅವನನ್ನೂ ಎಳ್ಕೊಂಡು ನನ್ನ ರೂಮಿಗೆ ಬಂದು ಸಾಯಿ."

ತಮ್ಮನನ್ನು ಮೇಲೆ ಹತ್ತಿಸಿಕೊಂಡು ಹೋದೆ. ಮ್ಯಾನೇಜರ್ ಮುಂದಿನ ಕಂಪ್ಯೂಟರಿನಲ್ಲಿ ಆ ದಿನದ ಕೆಲಸದ ಪಟ್ಟಿ, ಅದರಲ್ಲಿ ನಮ್ಮೆಲ್ಲರ ಹೆಸರುಗಳು ಸಾಲಾಗಿದ್ದವು. ನನ್ನ ಸಾಲು ಮಾತ್ರ ಕೆಂಪು. ತಾರಸಿಗೂ ತೊಟ್ಟಿಗೂ ಒಂದೇ ಹೊತ್ತಿಗೆ ನನ್ನನ್ನು ಹಾಕಿದ್ದವನು ಅವನೇ. ತಪ್ಪು ಅವನದು, ಬೈಗುಳ ನನಗೆ. ಇಲ್ಲಿ ಹಂಚಿಕೆ ಯಾವತ್ತೂ ಹೀಗೆಯೇ.

"ಸಂಜೆ ದೊಡ್ಡ ಸಾಹೇಬ್ರು ಇದನ್ನ ನೋಡ್ತಾರೆ. ಕೆಂಪಿದ್ರೆ ನನ್ನ ಗ್ರಹಚಾರ ಬಿಡಿಸ್ತಾರೆ," ಎನ್ನುತ್ತ ಆ ಪಟ್ಟಿಯ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

ಅತ್ತಲಿನ ಹೆಂಗಸಿನ ದನಿ ಮೆತ್ತಗಿತ್ತು. "ಒಬ್ಬರೇ ಎರಡು ಕಡೆ ಇದಾರೆ ಸಾರ್. ಒಂದು ಕೆಲಸ ಮುಂದಕ್ಕೆ ಹಾಕಿ, ಇಲ್ಲಾಂದ್ರೆ ಇನ್ನೊಬ್ಬರನ್ನ ಕೊಡಿ."

"ಎರಡೂ ಆಗಲ್ಲಮ್ಮ. ಕೆಂಪು ಹೋಗೋ ದಾರಿ ಹೇಳು."

"ಕೆಲಸಗಾರರು ಅನ್ನೋ ಕಡೆ ಸಾಮಗ್ರಿ ಅಂತ ಮಾಡಿದ್ರೆ ಕೆಂಪು ಬರಲ್ಲ. ಸೋಪು, ಬಕೆಟ್ ಥರ. ಅದಕ್ಕೆ ಹೊತ್ತಿನ ಲೆಕ್ಕ ಇಲ್ಲ. ಆದ್ರೆ ಸಾರ್, ಮನುಷ್ಯರನ್ನ ಹಂಗೆ..."

ಅಷ್ಟರಲ್ಲಿ ಅವನು ಫೋನ್ ಇಟ್ಟುಬಿಟ್ಟಿದ್ದ. ಟಕಟಕ ಏನೋ ಒತ್ತಿದ. ನನ್ನ ಹೆಸರು ಜನರ ನಡುವಿನಿಂದ ಎದ್ದು ಫಿನಾಯಿಲಿನ ಕೆಳಗೆ ಹೋಗಿ ಕೂತಿತು. ಕೆಂಪು ಮಾಯವಾಯಿತು.

"ನೋಡು, ಸರಿಹೋಯ್ತು. ಹಗ್ಗ ಪೈಪಿಗೆ ಬಿಗಿದು ಇವನನ್ನ ಇಳ್ಸು. ನೀನು ತೊಟ್ಟಿಗೆ ನಡಿ."

"ಮೇಲೆ ಯಾರೂ ಇಲ್ದೆ ಹಗ್ಗ ಸವೆದು ಇವನು ಬಿದ್ರೆ?"

"ಬಿದ್ರೆ ನೋಡ್ಕೊಳ್ಳೋಣ. ನಿನ್ನಂಥೋರು ಗೇಟಿನ ಹೊರಗೆ ಬೇಕಾದಷ್ಟು ಜನ ಬಿದ್ದಿದಾರೆ."

ತಮ್ಮ ಆಗಲೇ ಸೊಂಟದ ಪಟ್ಟಿ ಬಿಗಿದುಕೊಳ್ಳುತ್ತಿದ್ದ. "ಬಾರಕ್ಕ, ಕೆಲಸ ಹೋದ್ರೆ ಏನ್ಮಾಡೋಣ," ಎಂದ. ಪಟ್ಟಿಯ ಕೊಂಡಿ ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಸಿಕ್ಕಿತು. ಅದನ್ನು ನೋಡಿದ ಮೇಲೆ ನನಗೆ ಯಾರ ಹೆದರಿಕೆಯೂ ಉಳಿಯಲಿಲ್ಲ.

ಮೇಜಿನ ಮುಂದೆ, ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

"ಏಯ್, ಏನೇ ಇದು? ಏಳೇ ಮೇಲೆ."

"ಸಾಮಗ್ರಿ ನಡೆಯಲ್ಲ ಸಾರ್. ಹೊತ್ಕೊಂಡು ಹೋಗಿ."

ಎದ್ದು ಬಂದು ರಟ್ಟೆ ಹಿಡಿದು ಜಗ್ಗಿದ. ಬೋಳಿಮಗ, ಆ ಕೈ ಒಂದು ಬಕೆಟ್ಟನ್ನೂ ಎತ್ತಿದ್ದಲ್ಲ. ಬೆವರಿದನೇ ಹೊರತು ನಾನು ಅಲುಗಲಿಲ್ಲ. ತಮ್ಮ ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ನನ್ನ ಕಡೆ. ಆಮೇಲೆ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು ನನ್ನ ಪಕ್ಕದಲ್ಲಿ ಕೂತ.

"ಒಬ್ಬರ ಕೈಲಿ ಆಗಲ್ಲ ಸಾರ್," ಎಂದ. "ಇನ್ನೊಬ್ಬರನ್ನ ಕರೀರಿ."